ಹಳೆಯ ವಾಹನದ ಒಳಗನ್ನು ಚಿತ್ರಿಸಲು ಕಲಾವಿದನಿಗೆ ಸ್ಫೂರ್ತಿ ಯಾವುದು?

ಪ್ರಶ್ನೆ: ಫ್ರಾನ್ಸಿನ ಕಲಾವಿದ ಹೆನ್ರಿ ಮಾತೀಸ್ ಅವರು ಹಳೆಯ ಕಾರೊಂದರ ಒಳಭಾಗವನ್ನು ಚಿತ್ರಿಸಿರುವುದನ್ನು ಇತ್ತೀಚೆಗೆ ಕಲಾಪುಸ್ತಕವೊಂದರಲ್ಲಿ ನೋಡಿದೆ. ಆ ಕಾಲದ ಕಾರುಗಳ ಹೊರರೂಪವೇ ಅಷ್ಟು ಸೊಗಸಾಗಿರುವಾಗ ಕಲಾವಿದರು ಒಳಗನ್ನೇಕೆ ಆರಿಸಿಕೊಳ್ಳುತ್ತಾರೆ? ಹಳೆಯ ಕಾಲದ ಮೇಲಿನ ಮೋಹವೇ ಇದಕ್ಕೆ ಕಾರಣವೇ?
– ಓದುಗರು, ಧಾರವಾಡ

ಉತ್ತರ: ನೀವು ನೋಡಿರುವುದು ವಿಲಾಕುಬ್ಲೇ ರಸ್ತೆಯಲ್ಲಿ ಕಾರಿನ ಮುಂಗಾಜಿನ ಮೂಲಕ ಕಂಡ ನೋಟವನ್ನು ಮಾತೀಸ್ ಅವರು 1917ರಲ್ಲಿ ಚಿತ್ರಿಸಿದ ಕೃತಿಯಾಗಿರಬೇಕು. ಅದು ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ. ಹಳೆಯ ಕಾಲದ ಮೋಹ ಎಂಬ ನಿಮ್ಮ ಊಹೆ ಈ ಚಿತ್ರಕ್ಕೆ ಹೊಂದುವುದಿಲ್ಲ. ನಮ್ಮ ಕಣ್ಣಿಗೆ ಪುರಾತನವಾಗಿ ಕಾಣುವ ಆ ರೆನೋ ಕಾರು ಚಿತ್ರ ಬರೆದವರ ಕಾಲಕ್ಕೆ ಹೊಸ ಬಗೆಯ ವಾಹನವಾಗಿತ್ತು. ಅವರು ಆಗ ಪ್ಯಾರಿಸ್ಸಿನ ಅಂಚಿನಲ್ಲಿರುವ ಇಸ್ಸಿ ಎಂಬ ಊರಿನಲ್ಲಿ ನೆಲೆಸಿದ್ದರು. ಹದಿಹರೆಯದ ಮಗ ಪಿಯೆರ್ ಕಾರು ಓಡಿಸುತ್ತಿದ್ದನು. ರಸ್ತೆ ಬದಿಯಲ್ಲಿ ಕಾರನ್ನು ನಿಲ್ಲಿಸಿ, ತಂದೆ ಒಳಗೆ ಕುಳಿತೇ ಈ ಚಿತ್ರವನ್ನು ಬರೆದರು.

ಮಾತೀಸ್ ಅವರ ಸ್ಫೂರ್ತಿಯ ಮೂಲವನ್ನು ಕಾರಿನಲ್ಲಿ ಹುಡುಕುವುದಕ್ಕಿಂತ ಕಿಟಕಿಯಲ್ಲಿ ಹುಡುಕುವುದು ಸರಿ ಎಂಬುದು ನನ್ನ ಅಭಿಪ್ರಾಯ. 1905ರಲ್ಲಿ ಸಮುದ್ರ ತೀರದ ಕೊಲಿಯೂರ್ ಊರಿನಲ್ಲಿ ತೆರೆದ ಕಿಟಕಿಯನ್ನು ಚಿತ್ರಿಸಿದಂದಿನಿಂದ ಅವರಿಗೆ ಕೋಣೆಯ ಒಳಗೂ ಹೊರಗೂ ಒಂದೇ ಕ್ಯಾನ್ವಾಸಿನ ಮೇಲೆ ಸಂಧಿಸುವ ಬಗೆ ಬಿಡಿಸಲಾಗದ ಸೆಳೆತವಾಗಿತ್ತು. 1914ರಲ್ಲಿ ಅದೇ ಊರಿನಲ್ಲಿ ಬರೆದ ಇನ್ನೊಂದು ಕಿಟಕಿಯ ಚಿತ್ರದಲ್ಲಂತೂ ಹೊರಗಿನ ನೋಟವೇ ಬಹುಮಟ್ಟಿಗೆ ಕಪ್ಪಿನಲ್ಲಿ ಮುಚ್ಚಿಹೋಗಿದೆ. ಇಂಥ ಕಲಾವಿದನಿಗೆ ಕಾರು ಒಮ್ಮೆಲೇ ಮೂರು ಕಿಟಕಿಗಳನ್ನು ಒದಗಿಸಿತು: ಎದುರಿನ ಗಾಜಿನಲ್ಲಿ ನೇರವಾಗಿ ದೂರಕ್ಕೆ ಸಾಗುವ ರಸ್ತೆ, ಎಡಬಲದ ಗಾಜುಗಳಲ್ಲಿ ಮರಗಳು. ನಡುವೆ ಸ್ಟೇರಿಂಗ್ ಇದೆ. ಅದರ ಬಳಿ ಇನ್ನೊಂದು ಪುಟ್ಟ ಚಿತ್ರವನ್ನು ಒರಗಿಸಿಟ್ಟಿರುವುದನ್ನು ನೀವು ಗಮನಿಸಿದಿರಾ? ಕಲಾವಿದ ಆಗ ಬರೆಯುತ್ತಿದ್ದ ಅದೇ ದಾರಿಯ ನೋಟ ಅದು. ಹೀಗೆ ರಸ್ತೆಯನ್ನು ನಾವು ಗಾಜಿನಲ್ಲೊಮ್ಮೆ, ಕ್ಯಾನ್ವಾಸಿನಲ್ಲೊಮ್ಮೆ, ಎರಡು ಬಾರಿ ನೋಡುತ್ತೇವೆ. ಕಾರನ್ನು ಹೊರಗಿನಿಂದ ಚಿತ್ರಿಸಿದ್ದರೆ ಅದು ವಾಹನದ ಭಾವಚಿತ್ರವಾಗುತ್ತಿತ್ತು. ಒಳಗಿನಿಂದ ಚಿತ್ರಿಸಿದ್ದರಿಂದ ನೋಡುವ ಕ್ರಿಯೆಯೇ ಚಿತ್ರದ ವಸ್ತುವಾಯಿತು, ಮತ್ತು ನೋಡುಗರಾದ ನಾವು ಅವರ ಸೀಟಿನಲ್ಲೇ ಕುಳಿತಂತಾಯಿತು.

ಎಲ್ಲ ಕಲಾವಿದರ ಸ್ಫೂರ್ತಿಯೂ ಕಿಟಕಿಯೇ ಆಗಬೇಕಿಲ್ಲ. ಫ್ರಾನ್ಸಿನವರೇ ಆದ ಓನೋರೆ ದೋಮಿಯೇ ಅವರು 1860ರ ದಶಕದಲ್ಲಿ ರೈಲಿನ ಮೂರನೇ ದರ್ಜೆಯ ಬೋಗಿಯನ್ನು ಚಿತ್ರಿಸಿದಾಗ ಅವರನ್ನು ಸೆಳೆದದ್ದು ಒಳಗೆ ಕುಳಿತ ಜನ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿರುವ ಆ ತೈಲಚಿತ್ರದಲ್ಲಿ, ಮುಂದಿನ ಬೆಂಚಿನ ಮೇಲೆ ಮಗುವಿಗೆ ಹಾಲೂಡಿಸುವ ತಾಯಿ, ಬುಟ್ಟಿಯ ಮೇಲೆ ಕೈಜೋಡಿಸಿಕೊಂಡ ವೃದ್ಧೆ, ಪಕ್ಕದಲ್ಲಿ ನಿದ್ದೆ ಹೋದ ಹುಡುಗ ಇದ್ದಾರೆ. ಅವರ ಹಿಂದೆ ಟೋಪಿ ಧರಿಸಿದ ಗಂಡಸರು ಒತ್ತೊತ್ತಾಗಿ ಕುಳಿತಿದ್ದಾರೆ. ಬೀದಿಯಲ್ಲಾದರೆ ಎದುರಾಗಿ ದಾಟಿ ಹೋಗುವ ಅಪರಿಚಿತರನ್ನು ಬೋಗಿಯು ಗಂಟೆಗಟ್ಟಲೆ ಒಂದೆಡೆ ಕೂರಿಸುತ್ತದೆ, ಮುಖಗಳನ್ನು ಓದಲು ಕಲಾವಿದನಿಗೆ ಬಿಡುವು ಕೊಡುತ್ತದೆ. ಆ ಬಡ ಮುಖಗಳಿಗೆ ದೋಮಿಯೇ ಕೊಟ್ಟಿರುವ ಘನತೆಯನ್ನು ನಾನು ಎಷ್ಟು ಬಾರಿ ನೋಡಿದರೂ ನನಗೆ ದಣಿವಾಗುವುದಿಲ್ಲ.

ಪ್ರಶ್ನೆ: ನಾನು ಹವ್ಯಾಸಿ ಚಿತ್ರಕಾರ. ಹಳೆಯ ವಾಹನದ ಒಳಭಾಗವನ್ನು ಚಿತ್ರಿಸುವ ಆಸೆಯಿದೆ. ಎಲ್ಲಿ, ಹೇಗೆ ಆರಂಭಿಸಲಿ? ಛಾಯಾಚಿತ್ರ ನೋಡಿ ಬರೆದರೆ ಸಾಲದೇ?
– ಓದುಗರು, ಮಂಡ್ಯ

ಉತ್ತರ: ಸಾಲದು. ಕಾರಿನೊಳಗೆ ಕುಳಿತಾಗ ಎಲ್ಲವೂ ಕೈಗೆಟುಕುವಷ್ಟು ಹತ್ತಿರವಿರುತ್ತದೆ. ತಲೆಯನ್ನು ತುಸು ಹೊರಳಿಸಿದರೂ ಡ್ಯಾಶ್‌ಬೋರ್ಡಿನ ಗೆರೆ, ಬಾಗಿಲಿನ ಚೌಕಟ್ಟು ಎರಡೂ ತಮ್ಮ ಓರೆಯನ್ನು ಬದಲಿಸುತ್ತವೆ. ಈ ಇಕ್ಕಟ್ಟನ್ನು ಮೈಯಿಂದ ಅನುಭವಿಸಿದವರು ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಬೇಗ ಕಲಿಯುತ್ತಾರೆ. ಕ್ಯಾಮೆರಾ ಮಾತ್ರ ಎಲ್ಲವನ್ನೂ ಸಮನಾಗಿ ದಾಖಲಿಸಿಬಿಡುತ್ತದೆ.

ನಿಮಗೆ ಹತ್ತಿರದ ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತು ಸಂಗ್ರಹಾಲಯವಿದೆ. ಅಲ್ಲಿರುವ 1899ರ ಮಹಾರಾಣಿಯವರ ಸಲೂನ್ ಬೋಗಿ ಕಣ್ಣನ್ನು ಪಳಗಿಸಲು ಒಳ್ಳೆಯ ಜಾಗ. ಆದರೆ ಹೊತ್ತು ಹೋದದ್ದು ತಿಳಿಯದಂತೆ ಕುಳಿತು ಬರೆಯಲು ಪರಿಚಿತರ ಶೆಡ್ಡಿನಲ್ಲಿ ನಿಂತಿರುವ ಹಳೆಯ ಅಂಬಾಸಿಡರ್ ಕಾರೇ ಮೇಲು. ಅದರ ಹಳೆಯ ಮಾದರಿಗಳಲ್ಲಿ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತದೆ, ಮುಂದೆ ಅಡ್ಡಲಾಗಿ ಒಂದೇ ಉದ್ದನೆಯ ಸೀಟು ಇರುತ್ತದೆ. ಹಿಂದೆ ಕುಳಿತು ನೋಡಿದರೆ ಆ ಸೀಟಿನ ಬೆನ್ನು ಕಾಗದದ ಒಂದಂಚಿನಿಂದ ಇನ್ನೊಂದಂಚಿನವರೆಗೆ ಹಾಯುವ ಗಟ್ಟಿ ಗೆರೆಯಾಗುತ್ತದೆ. ಚಿತ್ರ ಕಟ್ಟಲು ಅದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಕಾಗದ ತೊಡೆಯ ಮೇಲೆ ಹಿಡಿಯುವಷ್ಟಿರಲಿ. ಮಾತೀಸ್ ಅವರ ಕ್ಯಾನ್ವಾಸ್ ಕೂಡ ಸುಮಾರು 38 ಸೆಂಟಿಮೀಟರ್ ಎತ್ತರ, 55 ಸೆಂಟಿಮೀಟರ್ ಅಗಲದ್ದು. ದೊಡ್ಡದಾಗಿ ಬರೆಯುವ ಮನಸ್ಸಿದ್ದರೆ ಒಳಗೆ ಸ್ಕೆಚ್ ಮಾಡಿಕೊಂಡು, ಅದರ ಮೇಲೆ ಚೌಕದ ಗೆರೆಗಳನ್ನೆಳೆದು ಮನೆಯಲ್ಲಿ ಹಿಗ್ಗಿಸಿಕೊಳ್ಳಬಹುದು. ದೋಮಿಯೇ ಅವರ ಆ ಮುಗಿಯದ ತೈಲಚಿತ್ರದಲ್ಲಿ ಇಂಥ ಚೌಕದ ಗೆರೆಗಳು ಬಣ್ಣದಡಿಯಿಂದ ಇಂದಿಗೂ ಕಾಣಿಸುತ್ತವೆ. ಬಣ್ಣ ಹಚ್ಚುವ ಮುನ್ನ ಬೆಳಕನ್ನು ನಿರ್ಧರಿಸಿಕೊಳ್ಳಿ. ನಡುಹಗಲಿನಲ್ಲಿ ಹೊರಗಿನ ನೋಟವನ್ನು ಸರಿಯಾಗಿ ಬರೆದರೆ ಒಳಗು ಬಹುತೇಕ ಕಪ್ಪಾಗುತ್ತದೆ. ಸೀಟಿನ ಬಟ್ಟೆಯ ನೇಯ್ಗೆಯೂ ಮೀಟರುಗಳ ಗಾಜೂ ಕಾಣಬೇಕೆಂದರೆ ಹೊರಗನ್ನು ಬೆಳ್ಳಗೆ ಬಿಟ್ಟುಬಿಡಬೇಕಾಗುತ್ತದೆ. ಎರಡೂ ಒಟ್ಟಿಗೆ ಬೇಕಾದರೆ ಬೆಳಗಿನ ಏಳು ಗಂಟೆಯ ಹೊತ್ತಿಗೆ ಅಥವಾ ಮೋಡ ಕವಿದ ದಿನ ಕುಳಿತುಕೊಳ್ಳಿ.