ರಜೆಯಿಂದ ವಾಸಿಯಾಗದ ದಣಿವು: ಸಾರ್ವಜನಿಕ ಕಲಾ ಸಂಸ್ಥೆಯ ಸಂಯೋಜಕಿಯೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕರಡನ್ನು ಅವರೂ ಓದಿ ತಿದ್ದಿಕೊಟ್ಟಿದ್ದಾರೆ.

ಮೂವತ್ತು ದಾಟಿದ ಈಕೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಕಲಾ ಸಂಸ್ಥೆಯೊಂದರಲ್ಲಿ ಯೋಜನಾ ಸಂಯೋಜಕಿ. ಹುದ್ದೆಯ ಹೆಸರು ಒಂದೇ, ಕೆಲಸ ಹತ್ತಾರು. ಕಲಾವಿದರನ್ನು ಹುಡುಕಬೇಕು, ಗೋಡೆಯ ಮಾಲೀಕರನ್ನು ಒಪ್ಪಿಸಬೇಕು, ಆಡಳಿತದ ಅನುಮತಿಗೆ ಅಲೆಯಬೇಕು, ನಿವಾಸಿಗಳ ಸಭೆ ಕರೆಯಬೇಕು. ಸಾರುವೆ ಕಟ್ಟುವವರಿಂದ ಹಿಡಿದು ವಿಮೆಯವರವರೆಗೆ ಎಲ್ಲರ ಜೊತೆ ಏಗಬೇಕು. ಕೊನೆಗೆ ಅನುದಾನ ಕೊಟ್ಟವರಿಗೆ ಫೋಟೊ ಸಮೇತ ವರದಿ ಕಳಿಸಬೇಕು. ಉದ್ಘಾಟನೆಯ ದಿನ ಫಲಕದ ಮೇಲೆ ಕಲಾವಿದರ ಹೆಸರು, ದಾನಿಗಳ ಹೆಸರು ಇರುತ್ತದೆ. ಇವರ ಹೆಸರು ಇರುವುದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ.

ನನ್ನ ಬಳಿ ಆಪ್ತಸಮಾಲೋಚನೆಗೆ ಕಳಿಸಿದ್ದು ಸಂಸ್ಥೆಯೇ. ಪತ್ರದಲ್ಲಿ ‘ಬರ್ನ್‌ಔಟ್’, ಅಂದರೆ ಕೆಲಸದ ಒತ್ತಡದಿಂದ ಬಸವಳಿದ ಸ್ಥಿತಿ, ಎಂದು ಬರೆದಿದ್ದರು. ಒಂದು ತಿಂಗಳು ಸಂಬಳ ಸಹಿತ ರಜೆ ಕೊಟ್ಟಿದ್ದರು. ರಜೆ ಮುಗಿಸಿ ಬಂದ ಮೇಲೆ ಆಕೆಯ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಮಧ್ಯರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಹೊಸ ಯೋಜನೆಯ ಕಡತ ಮೇಜಿನ ಮೇಲೇ ಇದೆ, ಬಿಚ್ಚಲು ಕೈ ಬರುತ್ತಿಲ್ಲ. ಸಹೋದ್ಯೋಗಿಗಳು ‘ಸಭೆ’ ಎಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ.

ಬರ್ನ್‌ಔಟ್ ಪದ ಮನಃಶಾಸ್ತ್ರಕ್ಕೆ ಬಂದದ್ದೇ ಇಂಥ ಸೇವಾ ಸಂಸ್ಥೆಗಳ ದಾರಿಯಲ್ಲಿ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಮನಸಾರೆ ದುಡಿಯುತ್ತಿದ್ದವರು ಕ್ರಮೇಣ ಬತ್ತಿಹೋಗುವುದನ್ನು ಕಂಡು ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಅದಕ್ಕೆ ಮೂರು ಲಕ್ಷಣ: ಶಕ್ತಿ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಈಕೆಯಲ್ಲಿ ಮೊದಲನೆಯದೂ ಮೂರನೆಯದೂ ಢಾಳಾಗಿದ್ದವು. ಎರಡನೆಯದು ಮಾತ್ರ ಇರಲಿಲ್ಲ. ಕೆಲಸದ ಮೇಲೆ ಜಿಗುಪ್ಸೆ ಇಲ್ಲ, ನಿವಾಸಿಗಳ ಬಗ್ಗೆ ಒಂದು ಕೊಂಕು ಮಾತಿಲ್ಲ. ಅವರ ಸುದ್ದಿ ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದರು. ನನಗೆ ಅಲ್ಲೇ ಅನುಮಾನ ಬಂದದ್ದು. ದಣಿದವರು ತಲೆ ತಗ್ಗಿಸುವುದಿಲ್ಲ.

ಮೊದಲು ಮಾಡಬೇಕಾದದ್ದನ್ನು ಮಾಡಿದೆ. ಖಿನ್ನತೆಯ ಲಕ್ಷಣಗಳನ್ನು ಕೇಳಿದೆ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ನಿದ್ದೆಯ ತೊಂದರೆಗೆ ವೈದ್ಯರನ್ನು ಕಾಣಲು ಹೇಳಿದೆ, ಕಂಡರು.

ಎರಡನೆಯ ಭೇಟಿಯಲ್ಲಿ ಫೋನಿನ ಮಾತು ಬಂತು. ಮೇಜಿನ ಮೇಲಿಟ್ಟ ಫೋನನ್ನು ಆಗಾಗ ಬೋರಲು ಹಾಕುತ್ತಿದ್ದರು.

“ಯಾರದಾದರೂ ಕರೆಗೆ ಕಾಯುತ್ತಿದ್ದೀರಾ?”

“ಇಲ್ಲ ಮೇಡಂ. ಒಂದು ವಾಟ್ಸಾಪ್ ಗುಂಪಿದೆ. ಗೋಡೆ ಗುಂಪು ಅಂತ. ತೆಗೆದು ನೋಡೋಕೆ ಧೈರ್ಯ ಇಲ್ಲ, ಬಿಟ್ಟು ಹೊರಗೆ ಬರೋಕೂ ಮನಸ್ಸಿಲ್ಲ.”

ಅಲ್ಲಿಂದ ಕಥೆ ಬಿಚ್ಚಿಕೊಂಡಿತು. ಬಡಾವಣೆಯೊಂದರ ಮೂರು ಅಂತಸ್ತಿನ ಗೋಡೆಯ ಮೇಲೆ ಅಲ್ಲಿನವರೇ ಸೇರಿ ಬರೆದ ದೊಡ್ಡ ಚಿತ್ರವದು. ಅಲ್ಲೇ ಬದುಕಿ ದುಡಿದ ಗಾರೆಯವರು, ದರ್ಜಿಗಳು, ದಾದಿಯರ ಕೈಗಳನ್ನು ನೋಡಿಕೊಂಡೇ ಕಲಾವಿದೆ ರೇಖೆ ಹಾಕಿದ್ದರು. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟುಕುವಷ್ಟು ಎತ್ತರದ ಪಟ್ಟಿಯೊಂದನ್ನು ಮಕ್ಕಳಿಗೇ ಬಿಟ್ಟಿದ್ದರು. ಅಲ್ಲಿ ನೀಲಿ ಬಣ್ಣ ರೇಖೆ ದಾಟಿ ಹರಿದಿತ್ತು. ತಿದ್ದೋಣವೇ ಎಂದು ಕಲಾವಿದೆ ಕೇಳಿದಾಗ ಈಕೆಯೇ ಬೇಡ ಎಂದಿದ್ದರಂತೆ. ಆರನೆಯ ವರ್ಷಕ್ಕೆ ಕಟ್ಟಡ ಕೈ ಬದಲಾಯಿಸಿತು. ಹೊಸ ಮಾಲೀಕರು ಗೋಡೆಗೆ ಗಾರೆ ಮೆತ್ತಿಸಿ ಬಿಳಿ ಬಣ್ಣ ಹೊಡೆಸಿದರು. ಯಾರಿಗೂ ಮುನ್ಸೂಚನೆ ಇರಲಿಲ್ಲ.

ಕಾನೂನಿನ ಪ್ರಕಾರ ಮಾಲೀಕರ ತಪ್ಪಿರಲಿಲ್ಲ. ಸಂಸ್ಥೆಯ ಒಪ್ಪಂದ ಇದ್ದದ್ದೇ ಐದು ವರ್ಷಕ್ಕೆ. ಆ ಷರತ್ತು ಈಕೆಗೆ ಗೊತ್ತಿತ್ತು, ಕರಡು ಸಿದ್ಧಪಡಿಸಿದವರೇ ಇವರು. ಆದರೆ ಮೊದಲ ಸಭೆಗೆ ಹೊರಡುವ ಮುನ್ನ ನಿರ್ದೇಶಕರು, “ಅವಧಿಯ ಮಾತು ಈಗಲೇ ತೆಗೆಯಬೇಡಿ, ಉತ್ಸಾಹ ಇಳಿದುಹೋಗುತ್ತದೆ” ಎಂದಿದ್ದರು. ಸಭೆಯಲ್ಲಿ ವಯಸ್ಸಾದವರೊಬ್ಬರು ಎದ್ದು ನಿಂತು, “ಇದು ಎಷ್ಟು ದಿನ ಇರ್ತದಮ್ಮಾ?” ಎಂದು ಕೇಳಿದರು. “ಇದು ನಿಮ್ಮದೇ ಗೋಡೆ, ಇಲ್ಲೇ ಇರುತ್ತದೆ” ಎಂದು ಈಕೆ ಹೇಳಿದರು.

ಆ ಹಿರಿಯರು ಈಗಲೂ ಗುಂಪಿನಲ್ಲಿ ಇದ್ದಾರೆ.

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ. ಕಲಾ ಸಂಸ್ಥೆಗಳಲ್ಲಿ ದುಡಿಯುವವರ ದಣಿವನ್ನು ನಾವು ಗಂಟೆಗಳ ಲೆಕ್ಕದಲ್ಲಿ ಅಳೆಯುತ್ತೇವೆ. ಗಂಟೆಗಳು ಜಾಸ್ತಿಯೇ, ಸಂಬಳ ಕಡಿಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ನಿಜವಾದ ಬಂಡವಾಳ ಮಾತು. ಅಪರಿಚಿತ ಬೀದಿಗೆ ಹೋಗಿ, ನಂಬದವರನ್ನು ನಂಬಿಸಿ, ಅವರ ಗೋಡೆ, ಸಮಯ, ನೆನಪು ಎಲ್ಲವನ್ನೂ ಕೇಳಿ ಪಡೆಯುತ್ತಾರೆ. ಆ ಮಾತು ಮುರಿದು ಬಿದ್ದಾಗ ಆಗುವ ಗಾಯಕ್ಕೆ ನಿದ್ದೆ, ಪ್ರವಾಸ, ಯೋಗ ಯಾವುದೂ ಮದ್ದಾಗುವುದಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಜೊತೆ ಕೆಲಸ ಮಾಡಿದ ಮನೋವೈದ್ಯ ಜೋನಾಥನ್ ಶೇ 1990ರ ದಶಕದಲ್ಲಿ ಇದನ್ನು ನೈತಿಕ ಗಾಯ ಎಂದು ಗುರುತಿಸಿದರು. ಅಧಿಕಾರದ ಸ್ಥಾನದಲ್ಲಿರುವವರು ಸರಿಯಾದದ್ದಕ್ಕೆ ದ್ರೋಹ ಬಗೆದಾಗ ಕೆಳಗಿನವರ ಒಳಗೆ ಉಳಿಯುವ ಗಾಯ ಅದು. ಗೋಡೆಚಿತ್ರವನ್ನು ಯುದ್ಧಕ್ಕೆ ಹೋಲಿಸುತ್ತಿಲ್ಲ. ಗಾಯದ ಬಗೆ ಒಂದೇ, ಆಳ ಬೇರೆ.

ರಜೆ ಯಾಕೆ ಕೆಡಿಸಿತು ಎಂಬುದು ಆಗ ಅರ್ಥವಾಯಿತು. ರಜೆಯಲ್ಲಿದ್ದಷ್ಟೂ ದಿನ ಆಕೆ ಉತ್ತರ ಕೊಡದೆ ತಲೆಮರೆಸಿಕೊಂಡಂತೆ ಆಗಿತ್ತು. ತಪ್ಪಿನ ಭಾರ ದಿನದಿಂದ ದಿನಕ್ಕೆ ಏರಿತು.

ಸಹೋದ್ಯೋಗಿಗಳು ಸಮಾಧಾನ ಮಾಡಿದ್ದರು. “ಬೀದಿಯ ಕಲೆ ಶಾಶ್ವತವಲ್ಲ, ನಿನಗೆ ಗೊತ್ತಿಲ್ಲವೇ?” ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಉದಾಹರಣೆಯನ್ನು ಸ್ವತಃ ಆಕೆಯೇ ನನಗೆ ಹೇಳಿದರು. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ನಿಲ್ಲಿಸಿದ 120 ಅಡಿ ಉದ್ದದ ಉಕ್ಕಿನ ಗೋಡೆ ಅದು. 1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಮಾತಾಡಿದವರಲ್ಲಿ ಹೆಚ್ಚಿನವರು ಉಳಿಸಿ ಎಂದರೂ, 1989ರಲ್ಲಿ ಕತ್ತರಿಸಿ ತೆಗೆದರು. “ಅಂಥದ್ದೇ ಉಳಿಯಲಿಲ್ಲ, ನಮ್ಮದೇನು” ಎಂದರು. ನಾನು ಕೇಳಿದೆ: “ಅಲ್ಲಿ ವಿಚಾರಣೆಯಾದರೂ ಆಯಿತು. ನಿಮ್ಮ ಗೋಡೆಯವರಿಗೆ ಮಾತಾಡಲು ಯಾರು ಅವಕಾಶ ಕೊಟ್ಟರು?” ಬಹಳ ಹೊತ್ತು ಅತ್ತರು. ನಾನು ತಡೆಯಲಿಲ್ಲ.

ಮುಂದಿನ ಭೇಟಿಯಲ್ಲಿ ಹೊಣೆಯ ಪಾಲು ಹಾಕಿದೆವು. ಒಂದು ಹಾಳೆಯ ಮೇಲೆ ವೃತ್ತ ಬರೆದು, ಆದದ್ದಕ್ಕೆ ಕಾರಣರಾದವರನ್ನೆಲ್ಲ ಮೊದಲು ಪಟ್ಟಿ ಮಾಡುವುದು. ಪ್ರತಿಯೊಬ್ಬರಿಗೂ ನ್ಯಾಯವಾಗಿ ಎಷ್ಟು ಪಾಲು ಸಲ್ಲುತ್ತದೆ ಎಂದು ವೃತ್ತವನ್ನು ಹಂಚುವುದು. ತನ್ನ ಪಾಲನ್ನು ಕಡೆಯಲ್ಲಿ ಹಾಕುವುದು. ಅಪರಾಧಪ್ರಜ್ಞೆಯಲ್ಲಿ ಮುಳುಗಿದವರು ವೃತ್ತವಿಡೀ ತನ್ನದೇ ಎಂದು ಕೂತಿರುತ್ತಾರೆ, ಅದಕ್ಕೇ ಈ ಕ್ರಮ. ಮಾರಿದ ಮಾಲೀಕರು, ಕೊಂಡವರು, ಐದು ವರ್ಷಕ್ಕೆ ಒಪ್ಪಿದ ಆಡಳಿತ ಮಂಡಳಿ, ನಿರ್ವಹಣೆಗೆ ಬಿಡಿಗಾಸೂ ಇಡದ ಅನುದಾನದ ನಿಯಮ, ಹೀಗೆ ಪಾಲು ಹೋಗುತ್ತಾ ಬಂತು. ನಿರ್ದೇಶಕರ ಹೆಸರು ಬರೆಯಲು ಮಾತ್ರ ಪೆನ್ನು ನಿಂತಿತು. “ಅವರೇ ನನ್ನನ್ನು ಈ ಕೆಲಸಕ್ಕೆ ಕರೆತಂದವರು” ಎಂದರು. ಬರೆದರು, ಸಣ್ಣದಾಗಿ. ಕೊನೆಗೆ ತನಗೆಂದು ಉಳಿದ ಹೋಳನ್ನು ನೋಡಿ, “ಇದು ಇದೆ ಮೇಡಂ, ಇದನ್ನು ಇಲ್ಲ ಅನ್ನಬೇಡಿ” ಎಂದರು.

ಇಲ್ಲ ಅನ್ನಲಿಲ್ಲ. ‘ನಿಮ್ಮದೇನೂ ತಪ್ಪಿಲ್ಲ’ ಎಂಬ ಸಾಂತ್ವನ ಇಂಥವರಿಗೆ ಕೆಲಸ ಮಾಡುವುದಿಲ್ಲ. ಅವರಿಗೆ ಗೊತ್ತಿರುವ ಸತ್ಯವನ್ನು ನಾವು ಅಲ್ಲಗಳೆದರೆ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ತಪ್ಪು ಇದ್ದಷ್ಟೇ ಇರಲಿ, ಅದಕ್ಕಿಂತ ದೊಡ್ಡದಾಗದಿರಲಿ ಎಂಬುದಷ್ಟೇ ನನ್ನ ಪ್ರಯತ್ನ.

ನಾನು ಕೊಟ್ಟ ಸಲಹೆ ಇಷ್ಟು. ನಿವಾಸಿಗಳ ಮುಂದೆ ಹೋಗಿ ಉತ್ತರ ಕೊಡಿ. ಆದರೆ ಅದಕ್ಕೂ ಮುಂಚೆ ನಿರ್ದೇಶಕರಿಗೆ ತಿಳಿಸಿ, ಜೊತೆಗೆ ಬರಲು ಕೇಳಿ. ಅವರು ಒಪ್ಪದಿದ್ದರೆ ಸಂಸ್ಥೆಯ ಪರವಾಗಿ ಮಾತಾಡಬೇಡಿ, ನಿಮ್ಮ ಬಾಯಿಂದ ಬಂದ ಮಾತಿಗೆ ಮಾತ್ರ ಉತ್ತರಿಸಿ. ನಿರ್ದೇಶಕರ ಹೆಸರನ್ನು ಅಲ್ಲಿ ಎತ್ತಬೇಡಿ. ಅದು ನಿಜವೇ ಆದರೂ ಕೇಳುವವರ ಕಿವಿಗೆ ನುಣುಚಿಕೊಳ್ಳುವಂತೆ ಕೇಳಿಸುತ್ತದೆ. ಕಲೆ ಕ್ಷಣಿಕ ಎಂಬ ವಿವರಣೆ ಬೇಡವೇ ಬೇಡ. ಕ್ಷಮಿಸಿ ಎಂದು ಅವರನ್ನು ಒತ್ತಾಯಿಸಬೇಡಿ. ಹೊಸ ಗೋಡೆಯ ಆಸೆ ತೋರಿಸಬೇಡಿ, ಆ ಅಧಿಕಾರ ನಿಮ್ಮ ಕೈಯಲ್ಲಿಲ್ಲ.

ಮಾತುಗಳನ್ನು ಕೂತು ಬರೆದೆವು, ಜೋರಾಗಿ ಹೇಳಿ ನೋಡಿದೆವು. ಮೊದಲ ಕರಡು ಒಂದು ಪುಟ ಇತ್ತು. ಕೊನೆಗೆ ಉಳಿದದ್ದು: “ಒಪ್ಪಂದ ಐದು ವರ್ಷಕ್ಕೆ ಅಂತ ನನಗೆ ಆ ದಿನವೇ ಗೊತ್ತಿತ್ತು. ನೀವು ಕೇಳಿದಾಗ ಹೇಳಲಿಲ್ಲ. ಹೇಳಬೇಕಿತ್ತು. ಅಳಿಸಿದ ಮೇಲೂ ನಿಮ್ಮ ಮುಂದೆ ಬರದೆ ಇದ್ದೆ. ಅದೂ ತಪ್ಪು.”

ನಿರ್ದೇಶಕರು ಬರಲಿಲ್ಲ. ಹೋಗಬೇಡಿ ಎಂದೂ ಹೇಳಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಅವರ ಒಂದು ಗಂಟೆ ಈಕೆಯ ಎಷ್ಟೋ ರಾತ್ರಿಗಳನ್ನು ಉಳಿಸುತ್ತಿತ್ತು. ಅನಿರೀಕ್ಷಿತವಾಗಿ ಜೊತೆಗೆ ಹೊರಟವರು ಸಂಸ್ಥೆಯ ಲೆಕ್ಕಪತ್ರ ನೋಡುವವರು. ಗೋಡೆಯ ಬಾಡಿಗೆಯ ಚೆಕ್ಕು ಬರೆಯುವಾಗಲೆಲ್ಲ ಒಪ್ಪಂದ ಮುಗಿಯುವ ತಾರೀಖು ಅವರ ಕಣ್ಣಿಗೆ ಬೀಳುತ್ತಿತ್ತಂತೆ. “ನನಗೂ ಗೊತ್ತಿತ್ತು” ಎಂದರಂತೆ, ಅಷ್ಟೇ.

ಸಭೆ ಸಲೀಸಾಗಿ ನಡೆಯಲಿಲ್ಲ. ಒಬ್ಬ ತಾಯಿ ಮಗುವನ್ನು ಕರೆದುಕೊಂಡು ಎದ್ದು ಹೋದರು. ಇಬ್ಬರು ಬೈದರು. ಪ್ರಶ್ನೆ ಕೇಳಿದ್ದ ಹಿರಿಯರು ಕೊನೆಯವರೆಗೂ ಕೂತಿದ್ದು, “ಫೋಟೊ ಇದೆಯೇನಮ್ಮಾ?” ಎಂದು ಕೇಳಿದರು. ಇದ್ದವು, ನೂರಾರು. ವೃತ್ತಿಪರ ಛಾಯಾಗ್ರಾಹಕರನ್ನು ಕರೆಸಿ ತೆಗೆಸಿದವು, ಅನುದಾನದ ವರದಿಗೆ. ಬರೆದವರ ಕೈಗೆ ಒಂದೂ ತಲುಪಿರಲಿಲ್ಲ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ನಾನು ಮೊದಲ ಸಲ ಸಿಟ್ಟು ಕಂಡೆ. ಒಳ್ಳೆಯ ಸೂಚನೆ ಎಂದುಕೊಂಡೆ. ಅಲ್ಲಿಯವರೆಗೆ ಸಿಟ್ಟೆಲ್ಲ ಒಳಮುಖವಾಗಿತ್ತು.

ಮುದ್ರಿಸಿದ ಫೋಟೊಗಳನ್ನು ಮನೆಮನೆಗೆ ತಲುಪಿಸಿದ ಮೇಲೆ ನಿದ್ದೆ ಕ್ರಮೇಣ ಸುಧಾರಿಸಿತು. ಗುಂಪಿನ ಸಂದೇಶಗಳನ್ನು ನನ್ನೆದುರೇ ಕೂತು ಓದಿದರು. ಬೈಗುಳಕ್ಕಿಂತ ‘ಮೇಡಂ ಎಲ್ಲಿ?’ ಎಂಬ ಪ್ರಶ್ನೆಗಳೇ ಹೆಚ್ಚಿದ್ದವು.

ಸಂಸ್ಥೆಯ ಕೋರಿಕೆಯ ಮೇಲೆ ಎಲ್ಲ ಸಿಬ್ಬಂದಿಯ ಜೊತೆ ಒಂದು ಬೈಠಕ್ ನಡೆಸಿದೆ. ಕೆಲಸದ ಹೊರೆ, ಹಿಡಿತ, ಪ್ರತಿಫಲ, ಒಡನಾಟ, ನ್ಯಾಯ, ಮೌಲ್ಯ ಈ ಆರರಲ್ಲಿ ಎಲ್ಲಿ ತಾಳ ತಪ್ಪಿದರೂ ಉದ್ಯೋಗಿ ಬಳಲುತ್ತಾನೆ ಎಂದು ಮನಃಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಹೇಳಿದ್ದಾರೆ. ನಾನು ಕೊನೆಯದನ್ನು ಮಾತ್ರ ಹಿಡಿದೆ. ‘ನೀವು ಹೇಳಬೇಕಾಗಿ ಬಂದ, ಆದರೆ ಹೇಳಬಾರದಿತ್ತು ಅನ್ನಿಸಿದ ಮಾತು ಯಾವುದು?’ ಚೀಟಿಗಳಲ್ಲಿ ಬಂದ ಉತ್ತರಗಳಲ್ಲಿ ಹೆಚ್ಚಿನವು ನಿರ್ವಹಣೆಯ ಬಗ್ಗೆಯೇ ಇದ್ದವು: ‘ಬಣ್ಣ ಮಾಸಿದರೆ ಬರುತ್ತೇವೆ ಎಂದೆ, ಹೋಗಲಿಲ್ಲ.’ ಈಕೆ ಅಲ್ಲಿ ಮಿಯರ್ಲ್ ಲೇಡರ್ಮನ್ ಯುಕೆಲ್ಸ್ ಅವರನ್ನು ನೆನೆದರು. ನಿರ್ವಹಣೆಯೇ ಕಲೆ ಎಂದು 1969ರಲ್ಲಿ ಪ್ರಣಾಳಿಕೆ ಬರೆದು, 1979–80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಕೈಕುಲುಕಿ ಧನ್ಯವಾದ ಹೇಳಿದ ಕಲಾವಿದೆ ಅವರು. “ನಾವು ಕಾರ್ಯಾಗಾರಗಳಲ್ಲಿ ಅವರ ಸ್ಲೈಡ್ ತೋರಿಸುತ್ತೇವೆ, ನಮ್ಮ ಬಜೆಟ್ಟಿನಲ್ಲಿ ಮಾತ್ರ ನಿರ್ವಹಣೆಗೆ ಒಂದು ಸಾಲೂ ಇಲ್ಲ” ಎಂದರು. ನಿರ್ದೇಶಕರು ತಲೆಯಾಡಿಸಿ ಬರೆದುಕೊಂಡರು.

ಬದಲಾದದ್ದು ಒಂದೇ, ಆದರೆ ಗಟ್ಟಿಯಾದದ್ದು. ಈಗ ಮೊದಲ ಸಭೆಯಲ್ಲೇ ಒಂದು ಪುಟದ ಹಾಳೆ ಹಂಚುತ್ತಾರೆ: ಗೋಡೆ ಯಾರದು, ಒಪ್ಪಂದ ಎಷ್ಟು ವರ್ಷ, ಮುಗಿದರೆ ಅಥವಾ ಕೈ ಬದಲಾದರೆ ಯಾರು ನಿಮಗೆ ತಿಳಿಸುತ್ತಾರೆ, ಫೋಟೊ ಯಾರಿಗೆ ಸೇರುತ್ತದೆ. ಉತ್ಸಾಹ ಇಳಿಯುತ್ತದೆ ಎಂಬ ಭಯ ಇನ್ನೂ ಹೋಗಿಲ್ಲವಂತೆ.

ಇಂಥ ಸಂಸ್ಥೆ ನಡೆಸುವವರಲ್ಲಿ ನನ್ನ ಕಳಕಳಿಯ ವಿನಂತಿ: ಬೀದಿಗಿಳಿದು ಮಾತು ಕೊಡುವವರಿಗೆ, ಏನನ್ನು ಕೊಡಬಾರದು ಎಂದು ಹೇಳುವ ಹಕ್ಕನ್ನೂ ಕೊಡಿ. ಕೃತಿಯೊಂದನ್ನು ತೆರವು ಮಾಡಬೇಕಾಗಿ ಬಂದಾಗ ಸುದ್ದಿ ತಿಳಿಸುವ ಕೆಲಸವನ್ನು ಕಿರಿಯರ ತಲೆಗೆ ಕಟ್ಟಬೇಡಿ. ಸಿಬ್ಬಂದಿಯನ್ನು ನಮ್ಮಂಥವರ ಬಳಿ ಕಳಿಸುವ ಮುನ್ನ, ಆತ ಅಥವಾ ಆಕೆ ಯಾರಿಗೆ ಮುಖ ತೋರಿಸಲಾಗದೆ ಇದ್ದಾರೆ ಎಂದು ಒಮ್ಮೆ ಕೇಳಿ.

ಕೆಲಸ ಬಿಡಬೇಕೇ ಎಂದು ಆಕೆ ಕೊನೆಯ ಭೇಟಿಯಲ್ಲಿ ಕೇಳಿದರು. ನಿರ್ದೇಶಕರ ಮೇಲಿದ್ದ ಗೌರವ ಮೊದಲಿನಂತಿಲ್ಲ, ಕೆಲಸದ ಮೇಲಿನ ಪ್ರೀತಿ ಹಾಗೇ ಇದೆ. ಬಿಡುವುದೂ ಉಳಿಯುವುದೂ ಎರಡೂ ಸರಿಯಾದ ತೀರ್ಮಾನಗಳೇ ಆಗಬಹುದು ಎಂದೆ. ಹೊಸ ಯೋಜನೆಯ ಮೊದಲ ಸಭೆಯನ್ನು ಆ ಹಾಳೆ ಹಿಡಿದುಕೊಂಡೇ ನಡೆಸಿ, ಯಾರಾದರೂ ಎಷ್ಟು ದಿನ ಎಂದು ಕೇಳಿದಾಗ ಉತ್ತರ ಹೇಳಿ, ಮೇಲಿನವರು ನಿಮ್ಮ ಬೆನ್ನಿಗೆ ನಿಲ್ಲುತ್ತಾರೋ ಇಲ್ಲವೋ ನೋಡಿ, ಆಮೇಲೆ ನಿರ್ಧರಿಸಿ ಎಂದೆ. ಆ ಸಭೆ ಮುಂದಿನ ತಿಂಗಳು ಇದೆ.