ಮುಂಗಡ ಕೇಳುವ ಮಾರಾಟಗಾರ

ಯಲಹಂಕದವನೊಬ್ಬ ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮೊಬೈಲನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಆದರೆ 2,000 ರೂಪಾಯಿ ಮುಂಗಡ ಬೇಕು ಎನ್ನುತ್ತಿದ್ದಾನೆ, ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ. ಸೈನಿಕನ ಸೋಗು ಈ ದಂಧೆಯಲ್ಲಿ ಸವಕಲಾದ ವೇಷ. ನೀವು ಕೇಳದೆಯೇ ಗುರುತಿನ ಚೀಟಿಯ ಫೋಟೊ ಕಳುಹಿಸಿದ್ದಾನೆ ಎಂದಿದ್ದೀರಲ್ಲ, ನನ್ನ ಅನುಮಾನ ಬಲವಾದದ್ದೇ ಅಲ್ಲಿ.

ಆದರೂ ಮನಸ್ಸು ತಡೆಯದಿದ್ದರೆ, ಹಗಲು ಹೊತ್ತಿನಲ್ಲಿ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಬನ್ನಿ, ವಸ್ತು ನೋಡಿ ಹಣ ಕೊಡುತ್ತೇನೆ ಎಂದು ಹೇಳಿ ನೋಡಿ. ಕಳ್ಳನಾದರೆ ನೆಪ ಹೇಳುತ್ತಾನೆ. ಬಂದನೆಂದೇ ಇಟ್ಟುಕೊಳ್ಳಿ, ಮೊಬೈಲಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಮೊಬೈಲಿನದೇ ಗುರುತಿನ ಸಂಖ್ಯೆ, ಕಾಣಿಸುತ್ತದೆ, ಎರಡು ಸಿಮ್ಮಿನದಾದರೆ ಎರಡು. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ, ದೂರಸಂಪರ್ಕ ಇಲಾಖೆಯ 14422ಕ್ಕೆ ಎಸ್‌ಎಂಎಸ್ ಕಳುಹಿಸಿ. ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲಿ ಎಂಬ ಉತ್ತರ ಬಂದರೆ ಚೌಕಾಸಿಗೂ ನಿಲ್ಲಬೇಡಿ. ಬಿಲ್ಲಿನಲ್ಲಿರುವ ಸಂಖ್ಯೆಯೂ ಅದೇ ಆಗಿರಬೇಕು. ಪೆಟ್ಟಿಗೆಯ ಚೀಟಿಯೊಂದನ್ನೇ ನೆಚ್ಚಿಕೊಳ್ಳಬೇಡಿ, ಪೆಟ್ಟಿಗೆ ಬದಲಾಯಿಸುವುದೇನು ಮಹಾ ಕಷ್ಟ?

ಮುಂಗಡ ವಾಪಸು ಕೊಡುತ್ತೇನೆಂದು ಕ್ಯೂಆರ್ ಕೋಡ್ ಕಳುಹಿಸಿದರೆ ಸ್ಕ್ಯಾನ್ ಮಾಡಲೇಬೇಡಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಈಗಾಗಲೇ ಹಣ ಹಾಕಿದ್ದರೆ ಅವನೊಂದಿಗೆ ವಾದಿಸುತ್ತಾ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.