ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಲೈಸೆನ್ಸ್ ಬೇಡವೇ?

ಟೆಕ್ಸಸ್‌ನ ಪ್ಲೇನೋದಿಂದ ಓದುಗರೊಬ್ಬರು ಬರೆದಿದ್ದಾರೆ. ದಿನಸಿ ಅಂಗಡಿಯಲ್ಲಿ ಬಿಲ್ಲಿಗೆ ನಿಂತಾಗ ಮುಂದಿದ್ದವರ ಸೊಂಟದಲ್ಲಿ ಪಿಸ್ತೂಲು ಇತ್ತಂತೆ. 'ಅಪ್ಪಾ, ಅವರು ಪೊಲೀಸಾ?' ಎಂದು ಆರು ವರ್ಷದ ಮಗಳು ಕೇಳಿದಳಂತೆ. ಆದರೂ ಪಿಸ್ತೂಲಿಗೆ ಲೈಸೆನ್ಸ್ ಬೇಡ ಎಂಬುದೇ ಈ ಓದುಗರ ವಾದ: 'ಅದು ಸಂವಿಧಾನ ಕೊಟ್ಟ ಹಕ್ಕು. ಕಳ್ಳ ಲೈಸೆನ್ಸ್ ಮಾಡಿಸ್ತಾನಾ? ನಮ್ಮ ಕೊಡಗಿನಲ್ಲೇ ಕೋವಿಗೆ ಲೈಸೆನ್ಸ್ ಇಲ್ಲವಲ್ಲ?'

ಸಂಪಾದಕರ ಉತ್ತರ:

ಕಳ್ಳ ಮಾಡಿಸುವುದಿಲ್ಲ, ಒಪ್ಪಿದೆ. ನನ್ನ ಚಿಂತೆ ಒಳ್ಳೆಯವರದ್ದೇ. ಪಿಸ್ತೂಲು ಕಟ್ಟಿಕೊಂಡು ಜನರ ನಡುವೆ ಬರುವವರಿಗೆ ಅದನ್ನು ಹಿಡಿಯಲು ಬರುತ್ತದಾ ಅಂತ ಯಾರಾದರೂ ಒಮ್ಮೆ ನೋಡಿರಬೇಕು, ಅಲ್ವಾ?

ನಿಮ್ಮ ರಾಜ್ಯದಲ್ಲಿ ಮೊದಲು ನೋಡುತ್ತಿದ್ದರು. 2016ರ ಜನವರಿಯಲ್ಲಿ ಪಿಸ್ತೂಲನ್ನು ಕಾಣುವಂತೆ ಇಟ್ಟುಕೊಳ್ಳಲು ಬಿಟ್ಟಾಗ ಲೈಸೆನ್ಸ್ ಕಡ್ಡಾಯವಿತ್ತು. ನಾಲ್ಕರಿಂದ ಆರು ಗಂಟೆ ಪಾಠ. ಆಮೇಲೆ 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ತೋರಿಸಬೇಕು. ನೂರಕ್ಕೆ 70 ಬಂದರೆ ಪಾಸ್. ಜಾಸ್ತಿ ಕಷ್ಟದ್ದೇನಲ್ಲ, ನಮ್ಮಲ್ಲಿ ಡಿಎಲ್‌ಗೆ ಬೈಕಿನಲ್ಲಿ ಎಂಟು ಹಾಕಿದ ಹಾಗೆ. 2021ರ ಸೆಪ್ಟೆಂಬರ್ 1ರಿಂದ ಅದೂ ಹೋಯಿತು. ಆ ಹೊಸ ಕಾನೂನಿನ ಪ್ರಕಾರ 21 ತುಂಬಿ, ಬೇರೆ ಕಾನೂನಿನ ಅಡ್ಡಿ ಇಲ್ಲದಿದ್ದರೆ ಸಾಕು.

ಹಕ್ಕಿನ ಮಾತು. ನ್ಯೂಯಾರ್ಕ್‌ನವರು ಲೈಸೆನ್ಸಿಗೆ ವಿಶೇಷ ಕಾರಣ ಕೇಳುತ್ತಿದ್ದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ಆದರೆ ಹಿನ್ನೆಲೆ ನೋಡಿ, ತರಬೇತಿ ಕೇಳಿ ಲೈಸೆನ್ಸ್ ಕೊಡುವ ಪದ್ಧತಿಯನ್ನು ಅದೇ ತೀರ್ಪು ಮುಟ್ಟಲಿಲ್ಲ.

ಪಕ್ಕದ ಡಲ್ಲಾಸ್‌ನಲ್ಲಿ 2016ರ ಜುಲೈ 7ರ ರಾತ್ರಿ ಏನಾಯಿತು ನೆನಪಿರಬಹುದು. ಮೆರವಣಿಗೆಯ ಹೊತ್ತಿನಲ್ಲಿ ಒಬ್ಬ ಗುಂಡು ಹಾರಿಸಿ ಐವರು ಪೊಲೀಸರನ್ನು ಕೊಂದ. ಮೆರವಣಿಗೆಯಲ್ಲಿ ಹಲವರ ಹೆಗಲಲ್ಲಿ ರೈಫಲ್ ಇತ್ತು. ಅಲ್ಲಿ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅವರಲ್ಲೊಬ್ಬನ ಫೋಟೋವನ್ನು ಪೊಲೀಸರು ಶಂಕಿತ ಎಂದು ಊರಿಗೆಲ್ಲ ಹಂಚಿಬಿಟ್ಟರು. ಅವನು ಏನೂ ಮಾಡಿರಲಿಲ್ಲ. ತಾನೇ ಹೋಗಿ ರೈಫಲ್ ಒಪ್ಪಿಸಿದ. ಆ ಗಡಿಬಿಡಿಯಲ್ಲಿ ಯಾರಾದರೂ ಅವನ ಮೇಲೆ ಗುಂಡು ಹಾರಿಸಿದ್ದರೆ? ಲೈಸೆನ್ಸ್ ಇದ್ದಿದ್ದರೂ ಆ ತಪ್ಪು ಆಗುತ್ತಿತ್ತೇನೋ. ಹಣೆಯ ಮೇಲೆ ಅದು ಬರೆದಿರುವುದಿಲ್ಲ, ನಿಜ. ಆದರೆ ನೋಡಿದವರಿಗೆ ಒಳ್ಳೆಯವರು ಯಾರು ಅಂತ ಗೊತ್ತಾಗದ ಕಡೆ, ಆಯುಧ ಹೊತ್ತವರಿಗಾದರೂ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಅಂತ ಗೊತ್ತಿರಬೇಕು. ಅದನ್ನೇ ಆ ಪಾಠದಲ್ಲಿ ಹೇಳಿಕೊಡಬೇಕು.

ಕೊಡಗಿನ ಕಥೆ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಕೋವಿ ಅದು. ಅಜ್ಜ, ಅಪ್ಪನ ಕಣ್ಣೆದುರೇ ಮಕ್ಕಳು ಅದನ್ನು ಹಿಡಿಯಲು ಕಲಿಯುತ್ತಾರೆ. ಬಿಲ್ಲಿನ ಸಾಲಿನಲ್ಲಿ ನಿಂತವರಿಗೆ ಯಾರು ಕಲಿಸಿದ್ದರು, ನಿಮಗೆ ಗೊತ್ತಾ?

ಮಗಳಿಗೆ ಅವತ್ತು ಏನು ಹೇಳಿದಿರಿ ಅಂತ ಪತ್ರದಲ್ಲಿಲ್ಲ. ದಯವಿಟ್ಟು ಬರೆಯಿರಿ.